ಅರ್ಧ ಕನ್ನಡಿ ಸಾಕು

ಹಾಸ್ಟೆಲ್,
ನವೆಂಬರ್ 14

ಚಿಕ್ಕಪ್ಪನಿಗೆ ನಮಸ್ಕಾರಗಳು.

ಇಲ್ಲಿ ಎಲ್ಲವೂ ಕ್ಷೇಮ, ನನ್ನ ವಿಜ್ಞಾನ ಒಂದನ್ನು ಬಿಟ್ಟು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದು ನಪಾಸಾಗಿದೆ. ‘ಅದು’ ಎಂದು ಬರೆದದ್ದನ್ನು ಗಮನಿಸಿರಬೇಕು. ‘ನಾನು’ ಎಂದು ಬರೆಯಲು ಪೆನ್ನು ಒಪ್ಪುತ್ತಿಲ್ಲ.

ಓದದೆ ಹೀಗಾಯಿತು ಅಂದುಕೊಳ್ಳಬೇಡಿ. ಇಡೀ ಗೈಡನ್ನು ಉರು ಹೊಡೆದಿದ್ದೆ. ಆದರೆ ಪ್ರಶ್ನೆಪತ್ರಿಕೆ ತೆಗೆದ ಪುಣ್ಯಾತ್ಮರು ಆ ಗೈಡನ್ನು ಓದಿಲ್ಲವೆಂದು ಕಾಣುತ್ತದೆ. ‘ಏನು’ ಎಂದು ಕೇಳಬೇಕಾದ ಕಡೆಯೆಲ್ಲ ‘ಏಕೆ’ ಎಂದು ಕೇಳಿದ್ದಾರೆ. ಏನು ಎನ್ನುವುದು ನನಗೆ ಬಾಯಿಪಾಠ. ಏಕೆ ಎನ್ನುವುದು ಯಾರ ಬಾಯಲ್ಲಿದೆಯೋ ತಿಳಿಯದು.

ವಾರ್ಷಿಕ ಪರೀಕ್ಷೆಯಲ್ಲೂ ಹೀಗೇ ಆದರೆ ಹಾಸ್ಟೆಲ್ಲಿನ ಸೀಟು ಬಿಡಬೇಕಂತೆ. ಸೀಟು ಬಿಟ್ಟರೆ ಓದು ಬಿಟ್ಟಂತೆಯೇ, ಮನೆಯ ಹತ್ತಿರ ಮುಂದಿನ ತರಗತಿಗಳಿಲ್ಲವಲ್ಲ. ಈಗ ಈ ಸುದ್ದಿಯನ್ನು ಮನೆಗೆ ತಿಳಿಸಬೇಕು. ಅಮ್ಮನಿಗೆ ಹೇಳಿದರೆ ಅಳುತ್ತಾಳೆ, ಅಪ್ಪನಿಗೆ ಹೇಳಿದರೆ ಅಳಿಸುತ್ತಾರೆ. ದಿನವಿಡೀ ಬಸ್ಸು ಓಡಿಸಿ ಬಂದವರ ಮುಂದೆ ಇದನ್ನು ಹೇಗೆ ಇಡುವುದು? ನೀವೇ ಏನಾದರೂ ಮಾಡಿ.

ನಡುಗುತ್ತಿರುವ
ಜೀರುಂಡೆ


ಕಟಿಂಗ್ ಶಾಪ್,
ನವೆಂಬರ್ 22

ಮಗಳೇ ಜೀರುಂಡೆ,

ಚಿಕ್ಕವಳಿದ್ದಾಗ ಮಗ್ಗಿಯನ್ನು ಗುಂಯ್ ಗುಂಯ್ ಎಂದು ಹೇಳುತ್ತಿದ್ದೆಯೆಂದು ಈ ಹೆಸರಿಟ್ಟೆ. ನೀನು ಅದನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡು ವಿಜ್ಞಾನವನ್ನೂ ಹಾಗೇ ಗುಂಯ್‌ಗುಡುತ್ತೀಯೆಂದು ಗೊತ್ತಿರಲಿಲ್ಲ.

ಸುದ್ದಿ ಮುಟ್ಟಿಸಿದ್ದೇನೆ. ನಿನ್ನಪ್ಪ ಭಾನುವಾರ ಗಡ್ಡಕ್ಕೆ ಬಂದ. ನೊರೆ ಹಚ್ಚುವವರೆಗೆ ಸುಮ್ಮನಿದ್ದೆ. ರೇಜರು ಗಂಟಲ ಹತ್ತಿರ ಬಂದಾಗ, “ಅಣ್ಣಾ, ಮಗು ಸೈನ್ಸಲ್ಲಿ ಹೋಗಿದೆ” ಅಂದೆ. ಕುತ್ತಿಗೆಯ ಮೇಲೆ ಕತ್ತಿಯಿರುವಾಗ ಯಾವ ಡ್ರೈವರೂ ಹಾರ್ನ್ ಹೊಡೆಯುವುದಿಲ್ಲ. ಕಣ್ಣುಗಳು ಮಾತ್ರ ಕನ್ನಡಿಯಲ್ಲಿ ನನ್ನನ್ನು ಹುಡುಕಿದವು. ಮುಖ ಒರೆಸಿಕೊಂಡು ಎದ್ದು, ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ: “ವರ್ಷದ ಕೊನೇಲೂ ಇದೇ ಆದ್ರೆ ಪೆಟ್ಟಿಗೆ ಕಟ್ಟಿಸ್ಕೊಂಡು ಬಂದ್ಬಿಡ್ತೀನಿ.” ಮಗಳಿಗೆ ಪತ್ರ ಬರೆಯುತ್ತೀಯಾ ಎಂದೆ. “ಏನಂತ ಬರೀಲಿ?” ಎಂದು ಹೊರಟುಹೋದ.

ಈಗ ನನ್ನ ಕೂಲಿ. ಎದುರಿಗೆ ಹೊಸ ಸಲೂನು ಬಂದಿದೆ, ಅದರಲ್ಲಿ ಟಿವಿ ಇದೆ. ನನ್ನಲ್ಲಿ ಬಾಯಿ ಮಾತ್ರ ಇದೆ. ಗಿರಾಕಿಗಳು ಇಲ್ಲಿಗೆ ಬರುವುದು ಕೂದಲಿಗೆ ಅರ್ಧ, ಹರಟೆಗೆ ಅರ್ಧ. ನನ್ನ ಹಳೆಯ ಜೋಕುಗಳಿಗೆಲ್ಲ ನರೆ ಬಂದಿದೆ. ಬಿ.ಎ.ಯಲ್ಲಿ ಓದಿದ ಇತಿಹಾಸದ ಯುದ್ಧಗಳನ್ನೆಲ್ಲ ಈ ಕುರ್ಚಿಯಲ್ಲೇ ಎರಡೆರಡು ಸಲ ಮಾಡಿಸಿಬಿಟ್ಟಿದ್ದೇನೆ. ಹೊಸ ಸರಕು ಬೇಕು. ನೀನು ನನಗೆ ವಿಜ್ಞಾನ ಕಲಿಸು, ನಾನದನ್ನು ಗಿರಾಕಿಗಳ ತಲೆಗೆ ತುಂಬುತ್ತೇನೆ. ತಲೆಗಳಂತೂ ನನ್ನ ಕೈಯಲ್ಲೇ ಇವೆ. ಕಾಲೇಜಿನಲ್ಲಿ ನಾನು ವಿಜ್ಞಾನದ ಕಟ್ಟಡದ ನೆರಳಿಗೆ ಮಾತ್ರ ಹೋದವನು, ಆದ್ದರಿಂದ ಏನೂ ಗೊತ್ತಿಲ್ಲದವನಿಗೆ ಹೇಳುವಂತೆ ಹೇಳು. ಅಂಗಡಿಯ ತುಂಬ ಕನ್ನಡಿ ಇರುವುದರಿಂದ ಬೆಳಕಿನ ಪಾಠದಿಂದ ಶುರುವಾಗಲಿ.

ನಿನ್ನ ಹೊಸ ವಿದ್ಯಾರ್ಥಿ,
ಚಿಕ್ಕಪ್ಪ


ಹಾಸ್ಟೆಲ್,
ಡಿಸೆಂಬರ್ 2

ಚಿಕ್ಕಪ್ಪನಿಗೆ,

ಅಪ್ಪ ಇನ್ನೇನೂ ಹೇಳಲಿಲ್ಲವೇ? ಹೇಳಿದ್ದರೆ ಬರೆಯಿರಿ, ಹೇಳದಿದ್ದರೆ ಏನು ಹೇಳಬಹುದಿತ್ತು ಎಂದಾದರೂ ಬರೆಯಿರಿ.

ಪಾಠ ಹೀಗಿದೆ. ಪತನ ಕೋನವು ಪ್ರತಿಫಲನ ಕೋನಕ್ಕೆ ಸಮವಾಗಿರುತ್ತದೆ. ಸಮತಲ ದರ್ಪಣದಲ್ಲಿ ಉಂಟಾಗುವ ಪ್ರತಿಬಿಂಬವು ಮಿಥ್ಯ, ನೇರ ಹಾಗೂ ವಸ್ತುವಿನ ಗಾತ್ರದಷ್ಟೇ ಇರುತ್ತದೆ. ವ್ಯಕ್ತಿಯ ಪೂರ್ಣ ಪ್ರತಿಬಿಂಬವನ್ನು ಕಾಣಲು ದರ್ಪಣದ ಎತ್ತರವು ವ್ಯಕ್ತಿಯ ಎತ್ತರದ ಅರ್ಧದಷ್ಟಿದ್ದರೆ ಸಾಕು.

ಇಷ್ಟೇ. ಬಹಳ ಸುಲಭ.

ನಿಮ್ಮ ಗುರು,
ಜೀರುಂಡೆ


ಕಟಿಂಗ್ ಶಾಪ್,
ಡಿಸೆಂಬರ್ 11

ಗುರುಗಳಿಗೆ,

ಪಾಠ ಕೇಳಿ ನನ್ನ ಖಾಯಂ ಗಿರಾಕಿ, ಆಸ್ಪತ್ರೆಯ ಕಂಪೌಂಡರ್, ಎರಡು ಸಲ ಆಕಳಿಸಿದರು. “ಪತನ ಆಗೋದು ಯಾರು?” ಎಂದು ಕೇಳಿದರು. ಬೆಳಕು ಎಂದೆ. “ಪಾಪ” ಎಂದರು. ಅಲ್ಲಿಗೆ ಮೊದಲ ಎರಡು ವಾಕ್ಯಗಳು ಮುಗಿದವು.

ಆದರೆ ಮೂರನೆಯದು ಅಂಗಡಿಯನ್ನೇ ಎಬ್ಬಿಸಿತು. ಅರ್ಧ ಕನ್ನಡಿಯಲ್ಲಿ ಪೂರ್ತಿ ಆಳು! ಕ್ಷೌರಕ್ಕೆ ಕೂತಿದ್ದ ಬಡಗಿ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ, ಕತ್ತರಿ ಅವನ ಕಿವಿಯನ್ನು ಸ್ವಲ್ಪದರಲ್ಲಿ ಬಿಟ್ಟಿತು. “ಸುಳ್ಳು” ಅಂದ. “ನನ್ನ ಮಗಳು ಹೇಳಿದ್ದಾಳೆ” ಅಂದೆ. “ಸೈನ್ಸಲ್ಲಿ ಫೇಲಾದ ಮಗಳಾ?” ಅಂದ. ಈ ಊರಲ್ಲಿ ಸುದ್ದಿಗೆ ಬಸ್ಸು ಬೇಡ.

ಸುಮ್ಮನಿರಲು ಆಗುತ್ತದೆಯೇ? ಬಾಗಿಲ ಪಕ್ಕದಲ್ಲಿ, ಗಿರಾಕಿಗಳು ಹೋಗುವ ಮುಂಚೆ ಒಮ್ಮೆ ಎದ್ದು ನಿಂತು ನೋಡಿಕೊಳ್ಳುವ ಆಳೆತ್ತರದ ಕನ್ನಡಿ ಇದೆಯಲ್ಲ, ಅದರ ಪಾದರಸ ಉದುರಿ ಎಲ್ಲರಿಗೂ ತೊನ್ನು ಬಂದಂತೆ ಕಾಣುತ್ತಿತ್ತು. ಅದನ್ನು ಇಳಿಸಿ ಅದರ ಅರ್ಧದಷ್ಟು ಎತ್ತರದ ಹೊಸದನ್ನು ತರಿಸುತ್ತಿದ್ದೇನೆ. ಮುಂದಿನ ವಾರ ಅದೇ ಬಡಗಿಯ ಕೈಯಿಂದಲೇ ಗೋಡೆಗೆ ಹೊಡೆಸುತ್ತೇನೆ. ಅವನ ಮುಖ ನೋಡಬೇಕು, ಅರ್ಧ ಕನ್ನಡಿಯಲ್ಲಿ ಪೂರ್ತಿ!

ನಿನ್ನಪ್ಪ ಈ ವಾರ ಗಡ್ಡಕ್ಕೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲೇ ಮಾಡಿಸಿಕೊಂಡನಂತೆ. ನನ್ನ ರೇಜರಿನ ಮೇಲೆ ನಂಬಿಕೆ ಹೋಗಿರಬೇಕು.

ಚಿಕ್ಕಪ್ಪ


ಕಟಿಂಗ್ ಶಾಪ್,
ಡಿಸೆಂಬರ್ 27

ಎಲೈ ಗುರುವೇ,

ಅನಾಹುತ. ಕನ್ನಡಿ ಬಂತು. ಬಡಗಿ ಅದನ್ನು ನೆಲದಿಂದ ಒಂದು ಗೇಣು ಮೇಲಕ್ಕೆ, ಗಟ್ಟಿಯಾಗಿ, ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ. ಮೊದಲು ನಿಂತದ್ದು ನಾನು. ಕಂಡದ್ದು ನನ್ನ ಚಪ್ಪಲಿಯಿಂದ ಮೊಣಕಾಲಿನವರೆಗೆ. ಬಗ್ಗಿದೆ, ಮಂಡಿಯೂರಿದೆ, ಕುಕ್ಕರಿಸಿದ ಮೇಲೆ ಮುಖದ ದರ್ಶನವಾಯಿತು. ಈಗ ನಮ್ಮ ಅಂಗಡಿಯಲ್ಲಿ ಕ್ಷೌರ ಮಾಡಿಸಿಕೊಂಡವರು ಎದ್ದು ಹೋಗಿ ತಮ್ಮ ಚಪ್ಪಲಿ ಚೆನ್ನಾಗಿ ಕಾಣುತ್ತಿದೆಯೇ ಎಂದು ನೋಡಿಕೊಂಡು ಹೊರಡುತ್ತಿದ್ದಾರೆ. ಕಂಪೌಂಡರ್ ಕೇಳಿದರು: “ಚಪ್ಪಲಿ ಅಂಗಡಿ ಯಾವಾಗ ಹಾಕಿದ್ರಿ?”

ಎದುರು ಸಲೂನಿನವನು ಟಿವಿ ಆರಿಸಿ ನಮ್ಮ ಕಡೆ ನೋಡುತ್ತಿದ್ದಾನೆ. ಏನು ಮಾಡಲಿ, ಬೇಗ ಬರೆ.

ಮೊಣಕಾಲಿನವರೆಗೆ ಮಾತ್ರ ಕಾಣುವ
ಚಿಕ್ಕಪ್ಪ


ಹಾಸ್ಟೆಲ್,
ಜನವರಿ 3

ಚಿಕ್ಕಪ್ಪ,

ಗಾಬರಿ ಬೇಡ. ಹತ್ತಿರ ನಿಂತದ್ದರಿಂದ ಹಾಗಾಗಿದೆ. ಹಿಂದಕ್ಕೆ ಸರಿದು ನಿಂತು ನೋಡಲು ಹೇಳಿ, ಆಗ ಪೂರ್ತಿ ಕಾಣುತ್ತದೆ. ದೂರದಿಂದ ಬೆಟ್ಟ ಕೂಡ ಕಿಟಕಿಯಲ್ಲಿ ಹಿಡಿಸುತ್ತದಲ್ಲ.

ಅವಸರದಲ್ಲಿ,
ಜೀರುಂಡೆ


ಕಟಿಂಗ್ ಶಾಪ್,
ಜನವರಿ 10

ಜೀರುಂಡೆ,

ಹಿಂದಕ್ಕೆ ಸರಿದೆವು.

ಕಂಪೌಂಡರ್ ಅರ್ಧ ಮುಖಕ್ಕೆ ನೊರೆ, ಕೊರಳಿಗೆ ಬಟ್ಟೆ ಸುತ್ತಿಕೊಂಡೇ ಎದ್ದರು, ಅಷ್ಟು ಕುತೂಹಲ. ಎರಡು ಹೆಜ್ಜೆ ಹಿಂದೆ ಹೋದರು. “ಏನ್ ಕಾಣುತ್ತೆ?” ಅಂದೆ. “ಮೊಣಕಾಲು.” “ಇನ್ನೂ ಹಿಂದೆ.” “ಮೊಣಕಾಲೇ, ಆದ್ರೆ ದೂರದ್ದು.” ಗೋಡೆ ಬಂತು. ಅಷ್ಟಕ್ಕೆ ಬಿಡುವವರೇ? ನಾನೂ ಬಡಗಿಯೂ ಕನ್ನಡಿಯನ್ನು ಗೋಡೆಯಿಂದ ಬಿಚ್ಚಿ ಅದೇ ಎತ್ತರದಲ್ಲಿ ಬಾಗಿಲಿಗೆ ಎದುರಾಗಿ ಹಿಡಿದು ನಿಂತೆವು. ಕಂಪೌಂಡರ್ ಹಿಮ್ಮುಖವಾಗಿ ಹೊಸ್ತಿಲು ದಾಟಿದರು, ರಸ್ತೆಗೇ ಹೋದರು. “ಈಗ?” ಎಂದು ಕೂಗಿದೆ. “ಮೊಣಕಾ—” ಎನ್ನುವಷ್ಟರಲ್ಲಿ ಹಣ್ಣಿನ ಗಾಡಿಯಲ್ಲಿ ಕುಳಿತುಬಿಟ್ಟರು. ಪಪಾಯಿ ಮೇಲೆ. ಹಣ್ಣಾಗಿತ್ತು.

ಗಾಡಿಯವಳು ಬೈದದ್ದನ್ನು ಬರೆಯಲಾರೆ, ನೀನಿನ್ನೂ ಶಾಲೆಯ ಹುಡುಗಿ. ಕಂಪೌಂಡರ್ ಉಳಿದರ್ಧ ಗಡ್ಡವನ್ನು ಎದುರು ಸಲೂನಿನಲ್ಲಿ ಮಾಡಿಸಿಕೊಂಡರು.

ಒಂದು ಮಾತು, ತಮಾಷೆಯಲ್ಲ. ಪಾಠ ತಪ್ಪಾಗಿದ್ದರೆ ಹಾಗೆಂದು ಬರೆ, ಗಿರಾಕಿಗಳ ಕ್ಷಮೆ ಕೇಳುತ್ತೇನೆ. ಸರಿಯಾಗಿದ್ದರೆ ನನಗೆ ಅರ್ಥವಾಗುವಂತೆ ಬರೆ. ‘ಇಷ್ಟೇ, ಬಹಳ ಸುಲಭ’ ಎಂದು ಮಾತ್ರ ಬರೆಯಬೇಡ. ನಿನ್ನಪ್ಪ ಆವತ್ತು ರಸ್ತೆಯ ಆ ಬದಿಯಲ್ಲಿ ನಿಂತು ಎಲ್ಲ ನೋಡಿದನಂತೆ. ನನ್ನ ಹತ್ತಿರ ಬರಲಿಲ್ಲ.

ಚಿಕ್ಕಪ್ಪ


ಹಾಸ್ಟೆಲ್,
ಜನವರಿ 24

ಚಿಕ್ಕಪ್ಪನಿಗೆ,

ಪಾಠ ಸರಿಯಾಗಿದೆ. ಗುರು ಸರಿಯಿರಲಿಲ್ಲ.

ನಿಮ್ಮ ಪತ್ರ ಓದಿ ಮೊದಲು ನಕ್ಕೆ. ಆಮೇಲೆ ಅಪ್ಪ ನೋಡಿದರೆಂಬ ಸಾಲು ಬಂತು, ನಗು ನಿಂತಿತು. ಗೈಡು ತೆಗೆದೆ. ಅದರಲ್ಲಿ ‘ಅರ್ಧದಷ್ಟಿದ್ದರೆ ಸಾಕು’ ಎಂದಿದೆಯೇ ಹೊರತು ಎಲ್ಲಿ ತೂಗುಹಾಕಬೇಕು, ಏಕೆ ಅರ್ಧ, ಒಂದೂ ಇಲ್ಲ. ನಾನೂ ಯಾವತ್ತೂ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳಲು ನನ್ನ ಹತ್ತಿರ ಕಂಪೌಂಡರ್ ಇರಲಿಲ್ಲವಲ್ಲ.

ಸ್ನಾನದ ಮನೆಯ ಕನ್ನಡಿಯ ಮುಂದೆ ಒಂದು ಕಣ್ಣು ಮುಚ್ಚಿ ನಿಂತೆ. ನೆತ್ತಿ ಕಾಣುವ ಕಡೆ ಸೋಪಿನಿಂದ ಒಂದು ಗೆರೆ, ಗಲ್ಲ ಕಾಣುವ ಕಡೆ ಒಂದು ಗೆರೆ ಎಳೆದೆ. ಹಿಂದಕ್ಕೆ ಸರಿದರೆ ಮುಖ ಚಿಕ್ಕದಾಗಿ ಗೆರೆಗಳ ನಡುವೆ ಜಾಗ ಉಳಿಯುತ್ತದೆಂದು ನನ್ನ ನಂಬಿಕೆ. ಸರಿದೆ. ಮುಖ ಗೆರೆಯಿಂದ ಗೆರೆಗೆ ಅಚ್ಚುಕಟ್ಟಾಗಿ ಕೂತಿತ್ತು. ಇನ್ನೂ ಸರಿದೆ. ಹಾಗೇ ಇತ್ತು! ಗೆರೆಗಳ ನಡುವೆ ಸ್ಕೇಲಿಟ್ಟೆ, ಆಮೇಲೆ ನನ್ನ ಮುಖಕ್ಕೇ ಸ್ಕೇಲಿಟ್ಟೆ. ಸರಿಯಾಗಿ ಅರ್ಧ. ಇನ್ನೊಮ್ಮೆ ಹಿಂದೆ ಸರಿಯುವಾಗ ಬೆನ್ನಿಗೆ ವಾರ್ಡನ್ ತಗುಲಿದರು.

“ಕನ್ನಡಿ ಮೇಲೆ ಏನೇ ಅದು?”
“ನನ್ನ ಮುಖ ಮೇಡಂ.”
“ಅದು ಗೊತ್ತು. ಒರೆಸು.”

ಒರೆಸುತ್ತಲೇ ಹೊಳೆಯಿತು. ಈಗ ಕಂಪೌಂಡರಿಗೆ ಹೀಗೆ ಹೇಳಿ. ಕನ್ನಡಿಯೊಳಗೆ ಇನ್ನೊಬ್ಬ ಕಂಪೌಂಡರ್ ಇದ್ದಾರೆ. ಇವರು ಕನ್ನಡಿಯಿಂದ ಈಚೆ ಎಷ್ಟು ದೂರವೋ ಅವರು ಆಚೆ ಅಷ್ಟೇ ದೂರ. ಇವರು ಒಂದು ಹೆಜ್ಜೆ ಹಿಂದೆ ಸರಿದರೆ ಅವರೂ ಸರಿಯುತ್ತಾರೆ, ಇವರು ಪಪಾಯಿ ಮೇಲೆ ಕೂತರೆ ಅವರೂ ಕೂರುತ್ತಾರೆ. ಏನೇ ಮಾಡಿದರೂ ಕನ್ನಡಿ ಇಬ್ಬರಿಗೂ ನಟ್ಟನಡುವೆಯೇ. ಈಗ ಇವರ ಕಣ್ಣಿನಿಂದ ಅವರ ಚಪ್ಪಲಿಗೆ ಒಂದು ದಾರ ಎಳೆದಿದ್ದೇವೆ ಎಂದುಕೊಳ್ಳಿ. ಕನ್ನಡಿ ನಡುವೆ ಇರುವುದರಿಂದ ದಾರ ಅದನ್ನು ದಾಟುವುದು ಕಣ್ಣಿನ ಎತ್ತರದ ಅರ್ಧದಲ್ಲಿ. ಅದಕ್ಕಿಂತ ಕೆಳಗಿನ ಕನ್ನಡಿ ದಂಡ. ಇನ್ನೊಂದು ದಾರ ಅವರ ನೆತ್ತಿಗೆ. ಅದು ದಾಟುವುದು ಕಣ್ಣಿಗೂ ನೆತ್ತಿಗೂ ಮಧ್ಯದಲ್ಲಿ. ಅದಕ್ಕಿಂತ ಮೇಲಿನದೂ ದಂಡ. ಎರಡು ದಾರಗಳ ನಡುವೆ ಉಳಿದದ್ದು ಆಳಿನ ಅರ್ಧ.

ಬಡಗಿ ಹೊಡೆದದ್ದು ಬೇಡದ ಜಾಗಕ್ಕೆ. ಕೆಳಗಂಚು ಕಣ್ಣಿನ ಎತ್ತರದ ಅರ್ಧಕ್ಕೆ ಬರುವಂತೆ ಮೇಲೆತ್ತಿಸಿ. ದೂರ ಹತ್ತಿರದ ಚಿಂತೆ ಬೇಡ. ಬೆಟ್ಟ, ಕಿಟಕಿ ಎಂದು ನಾನು ಬರೆದದ್ದನ್ನು ದಯವಿಟ್ಟು ಹರಿದುಹಾಕಿ. ಕಿಟಕಿಯಿಂದ ನಾವು ಹಿಂದೆ ಸರಿದರೆ ಬೆಟ್ಟವೇನೂ ನಮ್ಮ ಜೊತೆ ಹಿಂದೆ ಸರಿಯುವುದಿಲ್ಲ.

ಅರ್ಥವಾಗದಿದ್ದರೆ ಎಲ್ಲಿ ಅರ್ಥವಾಗಲಿಲ್ಲವೆಂದು ಬರೆಯಿರಿ. ನನಗೆ ಅದೇ ಬೇಕು.

ಜೀರುಂಡೆ


ಕಟಿಂಗ್ ಶಾಪ್,
ಫೆಬ್ರವರಿ 4

ನನ್ನ ಗುರುವೇ,

ಭಾನುವಾರ ಸಭೆ ಸೇರಿತು. ಕಂಪೌಂಡರರನ್ನು ಮನೆಗೇ ಹೋಗಿ ಕರೆತಂದೆ. ಅವರ ಅಳತೆ ತೆಗೆದು, ನೀನು ಹೇಳಿದ ಎತ್ತರಕ್ಕೆ ಕನ್ನಡಿ ಏರಿಸಿದೆವು. ಅವರು ಕಣ್ಣು ಮುಚ್ಚಿಕೊಂಡು ಬಂದು ನಿಂತು, ಮೆಲ್ಲನೆ ತೆರೆದರು. ನೆತ್ತಿಯಿಂದ ಚಪ್ಪಲಿಯವರೆಗೆ ಪೂರ್ತಿ ಕಂಪೌಂಡರ್! “ಅಯ್ಯೋ, ನಾನು ಇಷ್ಟು ದಪ್ಪ ಆಗಿದೀನಾ?” ಎಂದರು. ಅಗಲದ ಪಾಠ ಇನ್ನೊಂದು ದಿನ ಎಂದೆ.

ಆಮೇಲೆ ಬಡಗಿ ನಿಂತ. ಅವನು ಕಂಪೌಂಡರಿಗಿಂತ ಒಂದು ತಲೆ ಎತ್ತರ. ಆ ಒಂದು ತಲೆಯೇ ಕಾಣಲಿಲ್ಲ. ಎದೆಗೆ ನಿಂತುಬಿಟ್ಟ. ಇಷ್ಟು ವರ್ಷ ನಾನು ಜನರ ತಲೆಗೂದಲು ಕತ್ತರಿಸುತ್ತಿದ್ದೆ, ನೀನು ತಲೆಯನ್ನೇ ಕತ್ತರಿಸಿದೆ. ನಿನ್ನ ದಾರದ ಲೆಕ್ಕವನ್ನು ನಾನೇ ಅವನಿಗೆ ಹೇಳಿದೆ. ಉದ್ದದ ಆಳಿಗೂ ಗಿಡ್ಡದ ಆಳಿಗೂ ಕಣ್ಣು ಬೇರೆ, ದಾರ ಬೇರೆ ಎಂದು ಹೇಳುತ್ತ ಹೇಳುತ್ತ ನನಗೇ ಅದು ನಿಜವಾಗಿ ಅರ್ಥವಾಯಿತು. ನಾಚಿಕೆಯಾಯಿತು ಕೂಡ, ನಿನ್ನ ಪತ್ರ ಓದಿದಾಗ ಅರ್ಥವಾಗಿದೆ ಎಂದುಕೊಂಡಿದ್ದೆನಲ್ಲ. ಬಡಗಿ ತಾನೇ ಮೇಲೊಂದು ತುಂಡು ಸೇರಿಸಿಕೊಡುತ್ತಾನಂತೆ, ತನ್ನ ತಲೆಗಾಗಿ.

ಇನ್ನು ಪ್ರಶ್ನೆಗಳು. ನೊರೆ ಹಚ್ಚಲು ಇಟ್ಟ ಬಿಸಿನೀರಿನಲ್ಲಿ ಬ್ರಷ್ಷಿನ ಸ್ಟೀಲಿನ ಹಿಡಿ ಸುಡುತ್ತದೆ, ಮರದ ಹಿಡಿ ಸುಡುವುದಿಲ್ಲ, ಯಾಕೆ? ಒಣಕೂದಲು ಬಾಚಣಿಗೆಯ ಹಿಂದೆ ಎದ್ದು ಬರುತ್ತದೆ, ಯಾಕೆ? ಹೆಸರು ಬೇಡ, ಕಾರಣ ಬೇಕು. ಹೆಸರು ಹೇಳಿದರೆ ಕಂಪೌಂಡರ್ ಆಕಳಿಸುತ್ತಾರೆ.

ನಿನ್ನಪ್ಪ ಗಡ್ಡಕ್ಕೆ ಮತ್ತೆ ಬರುತ್ತಿದ್ದಾನೆ. ಹೊಸ ಕನ್ನಡಿಯ ಮುಂದೆ ನಿಂತು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗಿ ನೋಡಿದ. ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದ.

ಚಿಕ್ಕಪ್ಪ


ಹಾಸ್ಟೆಲ್,
ಮಾರ್ಚ್ 29

ಚಿಕ್ಕಪ್ಪನಿಗೆ,

ವಿಜ್ಞಾನದ ಪರೀಕ್ಷೆ ಮುಗಿಯಿತು. ಕನ್ನಡಿಯ ಪ್ರಶ್ನೆ ಬರಲೇ ಇಲ್ಲ! ಇಷ್ಟೆಲ್ಲ ಪಪಾಯಿ ಹಾಳಾದ ಮೇಲೂ ಬರಲಿಲ್ಲ.

ಬಂದದ್ದೆಲ್ಲ ‘ಏಕೆ’. ಮೊದಲ ಪ್ರಶ್ನೆ ನೋಡಿದರೆ ಗೈಡಿನ ಯಾವ ಪುಟವೂ ನೆನಪಾಗಲಿಲ್ಲ. ಆಗ ಪೇಪರು ತಿರುಗಿಸಿಟ್ಟು, ನೀವು ಕುರ್ಚಿಯ ಹಿಂದೆ ಕತ್ತರಿ ಹಿಡಿದು ನಿಂತಿದ್ದೀರಿ ಎಂದುಕೊಂಡೆ. ಕಂಪೌಂಡರ್ “ಅದ್ಹೇಗಮ್ಮ?” ಎಂದರು. ಅವರು ಆಕಳಿಸದಂತೆ ಬರೆದೆ. ಒಂದು ಪ್ರಶ್ನೆಗೆ ಉತ್ತರ ಬರೆಯುತ್ತ ಬಡಗಿ ಅಡ್ಡಪ್ರಶ್ನೆ ಹಾಕಿದ, ಅದಕ್ಕೂ ಉತ್ತರ ಬರೆದು ಆಮೇಲೆ ಹೊಡೆದುಹಾಕಿದೆ, ಪೇಪರಿನಲ್ಲಿ ಅವನು ಇರಲಿಲ್ಲ.

ಕೊನೆಯ ಪ್ರಶ್ನೆ ಅರ್ಧವಾಯಿತು. ಪಾಸಾಗುತ್ತೇನೋ ಇಲ್ಲವೋ ಹೇಳಲಾರೆ. ಫಲಿತಾಂಶ ಬರುವವರೆಗೆ ಪೆಟ್ಟಿಗೆಯನ್ನು ಮಂಚದ ಕೆಳಗೆ ಕಣ್ಣಿಗೆ ಕಾಣದಷ್ಟು ಒಳಗೆ ತಳ್ಳಿದ್ದೇನೆ.

ಜೀರುಂಡೆ


ಬಸ್ ಡಿಪೋ,
ಏಪ್ರಿಲ್ 9

ಮಗಳಿಗೆ ಆಶೀರ್ವಾದ.

ಬಸ್ಸಿನ ಪಕ್ಕದ ಕನ್ನಡಿಯಲ್ಲಿ ಹಿಂದಿನ ಲಾರಿ ಬಹಳ ದೂರ ಇದ್ದಂತೆ ಕಾಣುತ್ತದೆ. ನಂಬಿ ತಿರುಗಿಸಿದರೆ ಬೆನ್ನ ಮೇಲೇ ಇರುತ್ತದೆ. ಇಷ್ಟು ವರ್ಷದಿಂದ ನೋಡುತ್ತಿದ್ದೇನೆ, ಕಾರಣ ಗೊತ್ತಿಲ್ಲ. ನಿನ್ನ ಚಿಕ್ಕಪ್ಪನನ್ನು ಕೇಳಿದೆ. ಮಗಳನ್ನೇ ಕೇಳು ಅಂದ.

ಅವಸರವಿಲ್ಲ. ಊಟ ಸರಿಯಾಗಿ ಮಾಡು.

ಅಪ್ಪ


ಹಾಸ್ಟೆಲ್,
ಏಪ್ರಿಲ್ 21

ಅಪ್ಪನಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂದಾಗ ಕೈಬರಹ ಗುರುತು ಸಿಗಲಿಲ್ಲ. ನೀವು ನನಗೆ ಬರೆದದ್ದು ಇದೇ ಮೊದಲು.

ಒಂದು ಚಮಚ ತೆಗೆದುಕೊಳ್ಳಿ. ಅದರ ಹೊರಮೈ ನೋಡಿ, ಉಬ್ಬಿರುತ್ತದೆ. ನಿಮ್ಮ ಬಸ್ಸಿನ ಕನ್ನಡಿಯೂ ಸ್ವಲ್ಪ ಹಾಗೇ ಉಬ್ಬಿದೆ, ಮೇಲೆ ಅಡ್ಡಲಾಗಿ ಸ್ಕೇಲಿಟ್ಟರೆ ತಿಳಿಯುತ್ತದೆ. ಚಪ್ಪಟೆ ಕನ್ನಡಿಯಾದರೆ ಹಿಂದಿನ ರಸ್ತೆಯ ಒಂದು ಪಟ್ಟಿ ಮಾತ್ರ ಕಾಣುತ್ತಿತ್ತು. ಉಬ್ಬಿದ್ದರಿಂದ ಅಂಚುಗಳು ಆಚೀಚೆಯ ಕಡೆಗೂ ಮುಖ ಮಾಡಿವೆ, ಅಗಲವಾದ ರಸ್ತೆಯೆಲ್ಲ ಅಷ್ಟೇ ಗಾಜಿನಲ್ಲಿ ಹಿಡಿಸಬೇಕು. ಹಿಡಿಸಬೇಕಾದರೆ ಎಲ್ಲವೂ ಕುಗ್ಗಬೇಕು, ಲಾರಿ ಕೂಡ. ಚಿಕ್ಕದಾಗಿ ಕಂಡದ್ದನ್ನು ದೂರವಿದೆ ಎಂದುಕೊಳ್ಳುವುದು ನಮ್ಮ ಕಣ್ಣಿನ ಅಭ್ಯಾಸ. ಕನ್ನಡಿ ಮೋಸ ಮಾಡುತ್ತಿಲ್ಲ, ಹೆಚ್ಚು ತೋರಿಸಲು ಹೋಗಿ ಚಿಕ್ಕದು ಮಾಡುತ್ತಿದೆ.

ಇದನ್ನು ಓದಿ ಅರ್ಥವಾಯಿತು ಎಂದರೆ ನಾನು ನಂಬುವುದಿಲ್ಲ. ನಿಮ್ಮ ಕಂಡಕ್ಟರಿಗೆ ಹೇಳಿ, ಅವರು ಏನು ಕೇಳಿದರೆಂದು ಬರೆಯಿರಿ.

ಫಲಿತಾಂಶ ಇವತ್ತು ಬಂತು. ವಿಜ್ಞಾನದಲ್ಲಿ ಪಾಸಾಗಿದ್ದೇನೆ. ಇದನ್ನು ಮೊದಲೇ ಬರೆಯಬೇಕಿತ್ತು, ಆದರೆ ನೀವು ಕೇಳಿದ್ದು ಲಾರಿಯನ್ನು.

ನಿಮ್ಮ ಮಗಳು


ಬಸ್ ಡಿಪೋ,
ಮೇ 2

ಮಗಳಿಗೆ,

ಕಂಡಕ್ಟರಿಗೆ ಹೇಳಿದೆ. ಎರಡು ಸಲ ತಪ್ಪು ಹೇಳಿ ಮೂರನೇ ಸಲ ಸರಿ ಹೇಳಿದೆ. ಅವನಿಗೆ ಅರ್ಥವಾಯಿತು, ಆದರೆ ಚಮಚ ತಿರುಗಿಸಿ ಒಳಮೈಯಲ್ಲಿ ಮುಖ ಯಾಕೆ ತಲೆಕೆಳಗಾಗಿ ಕಾಣುತ್ತದೆ ಎಂದು ಕೇಳಿದ. ಇಬ್ಬರೂ ಕ್ಯಾಂಟೀನಿನಲ್ಲಿ ಚಮಚ ನೋಡುತ್ತ ಕೂತೆವು. ಬಸ್ಸು ತಡವಾಗಿ ಹೊರಟಿತು. ಪ್ಯಾಸೆಂಜರುಗಳಿಂದ ಬೈಸಿಕೊಂಡೆ.

ಹಾಸ್ಟೆಲ್ಲಿನ ಮುಂದಿನ ವರ್ಷದ ಅರ್ಜಿಗೆ ಸಹಿ ಹಾಕಿ ಈ ಲಕೋಟೆಯಲ್ಲಿಟ್ಟಿದ್ದೇನೆ. ರಜಕ್ಕೆ ನನ್ನ ಬಸ್ಸಿನಲ್ಲೇ ಬಾ. ಮುಂದಿನ ಸೀಟು ಹಿಡಿಸಿರುತ್ತೇನೆ. ದಾರಿ ಉದ್ದವಿದೆ, ಕಂಡಕ್ಟರ್ ಕೇಳುತ್ತಿದ್ದಾನೆ, ನಾನೂ ಕೇಳುತ್ತಿದ್ದೇನೆ.

ಅಪ್ಪ